ಅಪ್ಪನ ಅಂಬಾಸಿಡರ್‌ಗೆ ಇನ್ನೊಂದು ಕಮಾನು ಪಟ್ಟಿ

ಈ ಸದ್ದು ಕೇಳಿಸ್ತಾ? ರಸ್ತೆ ಉಬ್ಬು ದಾಟುವಾಗ ಹಿಂದೆ 'ಧಡ್' ಅಂತು. ಭಾರ ತಾಳದೆ ಬಾಡಿ ಕೆಳಗೆ ಇಳಿದು, ಆಕ್ಸಲ್ ಮೇಲಿನ ರಬ್ಬರ್‌ಗೆ ಬಡಿದ ಸದ್ದು ಅದು. ಡಿಕ್ಕಿಯಲ್ಲಿ ಮೂರು ಮೂಟೆ ತೆಂಗಿನಕಾಯಿ ಇದೆ. ಹಿಂದಿನ ಸೀಟಿನಲ್ಲಿ ಅಜ್ಜಿ, ಅಮ್ಮ, ತಂಗಿ.

ಇದು ಅಪ್ಪನ 1984ರ ಅಂಬಾಸಿಡರ್, ಮಾರ್ಕ್ 4. ನಮ್ಮ ತೋಟ ತಿಪಟೂರಿನ ಹತ್ತಿರ. ಗೌರಿ ಹಬ್ಬ ಬಂತು ಅಂದರೆ ಬೆಂಗಳೂರಿನ ಅತ್ತೆಯರ ಮನೆಗೆ ಕಾಯಿ ಹೋಗಲೇಬೇಕು. ಅದೂ ಈ ಕಾರಿನಲ್ಲೇ. ಅಪ್ಪ ಇದ್ದಾಗಿನಿಂದ ಹಾಗೇ ನಡೆದು ಬಂದಿದೆ, ನಾನು ಅದನ್ನು ನಿಲ್ಲಿಸುವುದಿಲ್ಲ.

ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಈ ಕಾರಿನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಮುಂದೆ ಟಾರ್ಶನ್ ಬಾರ್ ಇದೆ, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಹಾಗೆ ಭಾರ ಹೊರುವ ಉಕ್ಕಿನ ಸರಳು. ಹಿಂದೆ ಇರುವುದು ಜಟಕಾ ಗಾಡಿಯ ಕಾಲದ ಕಮಾನು ಪಟ್ಟಿ. ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಬ್ಲೇಡುಗಳು, ಅಷ್ಟೇ. ಆದರೆ ನಲವತ್ತು ವರ್ಷ ಭಾರ ಹೊತ್ತು ನಮ್ಮ ಕಾರಿನ ಕಮಾನು ಚಪ್ಪಟೆಯಾಗಿತ್ತು. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದೆ. ಎಡಗಡೆ ಎರಡು ಸೆಂಟಿಮೀಟರ್ ಕಡಿಮೆ ಬಂತು. ಹಿಂಭಾಗ ಕುಸಿದರೆ ಮುಂಭಾಗ ಏಳುತ್ತದೆ ಅಲ್ವಾ? ಸ್ಟಿಯರಿಂಗ್ ಹಗುರವಾಗುತ್ತದೆ. ಹೆಡ್‌ಲೈಟ್ ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ರಾತ್ರಿ ತುಮಕೂರು ರಸ್ತೆಯಲ್ಲಿ ಎದುರು ಬಂದ ಲಾರಿಗಳೆಲ್ಲ ನನಗೆ ಡಿಪ್ ಹೊಡೆಯುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಹೊಸ ಶಾಕ್ ಅಬ್ಸಾರ್ಬರ್ ಹಾಕಿಸು, ಸರಿಹೋಗುತ್ತದೆ ಅಂತ ತುಂಬ ಜನ ಹೇಳಿದರು. ಶಾಕ್ ಅಬ್ಸಾರ್ಬರ್ ಕುಣಿತವನ್ನು ತಡೆಯುತ್ತದೆ, ಭಾರ ಹೊರುವುದಿಲ್ಲ. ಹೊರುವುದು ಪಟ್ಟಿ ಮಾತ್ರ. ಒಂದು ಅಂಗಡಿಯವರು ಗೂಡ್ಸ್ ಗಾಡಿಯ ದಪ್ಪ ಪಟ್ಟಿ ತುರುಕೋಣ ಅಂದರು. ಬೇಡ ಅಂದೆ. ಪಟ್ಟಿಯ ದಪ್ಪ ಎರಡರಷ್ಟಾದರೆ ಅದರ ಬಿಗಿ ಎಂಟರಷ್ಟಾಗುತ್ತದೆ. ಭಾರವೆಲ್ಲ ಆ ಒಂದೇ ಪಟ್ಟಿಯ ಮೇಲೆ ಬೀಳುತ್ತದೆ, ಉಳಿದವು ಸುಮ್ನೆ ಕೂತಿರುತ್ತವೆ. ಖಾಲಿ ಕಾರಿನಲ್ಲಿ ಅಜ್ಜಿಯ ಸೊಂಟದ ಗತಿ ಏನು?

ಕೊನೆಗೆ ನಮ್ಮ ಮೇಸ್ತ್ರಿ ಒಪ್ಪಿಕೊಂಡರು. ಎರಡೂ ಸೆಟ್ ಬಿಚ್ಚಿದೆವು. ನೋಡಿ, ಬ್ಲೇಡುಗಳ ನಡುವೆ ಎಷ್ಟು ತುಕ್ಕು! ಒಂದೊಂದನ್ನೂ ಉಜ್ಜಿ, ಬಿರುಕು ಇದೆಯಾ ಅಂತ ನೋಡಿದೆವು. ಆಮೇಲೆ ಕಮಾನು ಕೊಡಿಸಿದೆವು. ಬೆಂಕಿಗೆ ಹಿಡಿಯದೆ, ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಬಡಿದು ಬಾಗಿಸಿದ್ದು. ಸುಮ್ನೆ ಕಾಯಿಸಿ ಬಾಗಿಸಿದರೆ ಉಕ್ಕಿನ ಹದ ಹೋಗುತ್ತದೆ, ಆಮೇಲೆ ಮತ್ತೆ ಹದ ಹಾಕಲೇಬೇಕು. ಆದರೆ ಕಮಾನು ಕೊಟ್ಟರೆ ಎತ್ತರ ಬರುತ್ತದೆಯೇ ಹೊರತು ಬಿಗಿ ಜಾಸ್ತಿ ಆಗುವುದಿಲ್ಲ. ಅದಕ್ಕೇ ಹಳೆಯದರಷ್ಟೇ ದಪ್ಪ, ಅಷ್ಟೇ ಅಗಲದ ಇನ್ನೊಂದು ಪಟ್ಟಿ ಸೇರಿಸಿದ್ದು. ಮೆಟ್ಟಿಲಿನ ಹಾಗೆ ಉದ್ದ ಇಳಿಯುವ ಸಾಲಿನಲ್ಲಿ ಅದಕ್ಕೊಂದು ಜಾಗ. ಎರಡೂ ಕಡೆಗೆ ಒಂದೇ ಥರ.

ಬ್ಲೇಡುಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್, ಪಟ್ಟಿಯನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್, ಪಟ್ಟಿಯ ತುದಿಯಲ್ಲಿ ಕೂರುವ ರಬ್ಬರ್ ಬುಷ್ ಎಲ್ಲ ಹೊಸದು. ಪಟ್ಟಿ ಜಾಸ್ತಿಯಾದ್ದರಿಂದ ಯು ಬೋಲ್ಟ್ ಸ್ವಲ್ಪ ಉದ್ದದ್ದೇ ಬೇಕಾಯಿತು. ರಬ್ಬರ್ ಬುಷ್ ಬೋಲ್ಟುಗಳನ್ನು ಕೊನೆಯ ಸುತ್ತು ಬಿಗಿ ಮಾಡಿದ್ದು ಕಾರು ನೆಲಕ್ಕೆ ಇಳಿದ ಮೇಲೆ. ಜಾಕಿಯ ಮೇಲಿದ್ದಾಗಲೇ ಬಿಗಿ ಮಾಡಿದರೆ, ಇಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಕೆಲವು ದಿನ ಓಡಿಸಿ ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿದೆವು.

ಈಗ ಖಾಲಿ ಓಡಿಸಿದರೆ ಹಿಂದೆ ಸ್ವಲ್ಪ ಗಡುಸು, ನಿಜ. ಮೂಟೆ ಹೇರಿದರೆ ನೆಟ್ಟಗೆ ನಿಲ್ಲುತ್ತದೆ. ಹಾಗಂತ ನಾಲ್ಕನೇ ಮೂಟೆ ಹಾಕುವುದಿಲ್ಲ. ಬ್ರೇಕು ಅದೇ ಹಳೆಯ ಡ್ರಮ್ಮು, ಆಕ್ಸಲ್ಲೂ ಅದೇ.

ತೆಗೆದ ಯಾವ ಪಟ್ಟಿಯಲ್ಲೂ ಬಿರುಕು ಇರಲಿಲ್ಲ. ಇದ್ದಿದ್ದರೆ ಕುಲುಮೆಗೆ ಕೊಟ್ಟು ಮಚ್ಚು ಮಾಡಿಸುತ್ತಿದ್ದೆ. ತೋಟದಲ್ಲಿ ಎಳನೀರು ಕೆತ್ತುವ ನಮ್ಮ ಮಚ್ಚು ಕೂಡ ಹಳೆಯ ಲಾರಿಯ ಕಮಾನು ಪಟ್ಟಿಯದೇ.

ಇಗೋ, ಅದೇ ಉಬ್ಬು ಬಂತು. ಮೂರು ಮೂಟೆ, ಹಿಂದೆ ಮೂರು ಜನ. ಈಗ ಕೇಳಿ. ಕಾಯಿ ಕಾಯಿಗೆ ತಾಗಿದ ಸದ್ದು ಮಾತ್ರ. ಅಜ್ಜಿ ನಿದ್ದೆ ಮಾಡುತ್ತಿದ್ದಾರೆ.