ಹೊಂಡದ ಶೀಟು ಎಷ್ಟು ಬಲಕ್ಕೆ ಸೀಳುತ್ತದೆ?

ನಮಸ್ಕಾರ. ಕೃಷಿ ಹೊಂಡಕ್ಕೆ ಹಾಸುತ್ತಾರಲ್ಲ, ಆ ಪ್ಲಾಸ್ಟಿಕ್ ಶೀಟಿನ ಬಗ್ಗೆ ಇವತ್ತು ಮಾತಾಡೋಣ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಈ ಶೀಟು ಬಯಲುಸೀಮೆಯ ಊರೂರಿಗೂ ಬಂತು. ಕೆಂಪು ಮಣ್ಣಿನ ಹೊಲದಲ್ಲಿ ಶೀಟು ಹಾಕದಿದ್ದರೆ ಹೊಂಡದಲ್ಲಿ ನೀರು ನಿಲ್ಲುವುದಿಲ್ಲ, ಇಂಗಿ ಹೋಗುತ್ತದೆ. ಎರೆ ಭೂಮಿಯವರಿಗೆ ಈ ತಾಪತ್ರಯ ಸ್ವಲ್ಪ ಕಡಿಮೆ.

ಅಂಗಡಿಗೆ ಹೋದವರು ಮೊದಲು ಕೇಳುವುದು, ಎಷ್ಟು ಮೈಕ್ರಾನ್? ಮೈಕ್ರಾನ್ ಅಂದರೆ ದಪ್ಪದ ಅಳತೆ, ಸಾವಿರ ಮೈಕ್ರಾನ್ ಸೇರಿದರೆ 1 ಮಿಲಿಮೀಟರ್. 300ಕ್ಕೆ ಒಂದು ರೇಟು, 500ಕ್ಕೆ ಇನ್ನೊಂದು ರೇಟು. ದಪ್ಪ ಇದ್ದರೆ ಗಟ್ಟಿ ಅನ್ನುವ ಲೆಕ್ಕ. ಈ ಲೆಕ್ಕ ಒಂದು ಜಾತಿಯ ಶೀಟಿಗೆ ಸರಿ, ಇನ್ನೊಂದು ಜಾತಿಗೆ ಸರಿಯಲ್ಲ. ನಾನು ಟೆಸ್ಟಿಂಗ್ ಲ್ಯಾಬಿನಲ್ಲಿ ಇಂಥ ಶೀಟುಗಳನ್ನು ಮೆಷಿನ್ನಿಗೆ ಕಟ್ಟಿ ಸೀಳಿಸುತ್ತಿದ್ದವನು, ಹಾಗಾಗಿ ಈ ವಿಷಯ ನನಗೆ ಸ್ವಲ್ಪ ಜಾಸ್ತಿ ತಲೆಗೆ ಹತ್ತಿದೆ.

ಮೊದಲನೇ ಜಾತಿ ಬರೀ ಪ್ಲಾಸ್ಟಿಕ್ ಹಾಳೆ, ಒಳಗೆ ನೂಲಿಲ್ಲ, ನೇಯ್ಗೆ ಇಲ್ಲ. ಕಸದ ಗುಂಡಿ, ಗಣಿಯ ಕೊಳ ಇಂಥ ಕಡೆ ಹಾಸುವ ದಪ್ಪ ಎಚ್‌ಡಿಪಿಇ, ಅಂದರೆ ಗಟ್ಟಿ ಬಗೆಯ ಪಾಲಿಥೀನ್ ಹಾಳೆ ಇದೇ. ಇದಕ್ಕೆ ಅಮೆರಿಕದ ಜಿಯೋಸಿಂಥೆಟಿಕ್ ಇನ್‌ಸ್ಟಿಟ್ಯೂಟಿನವರ ಜಿಎಂ 13 ಅನ್ನುವ ಒಂದು ಮಾನದಂಡ ಇದೆ. ಅದರ ಪ್ರಕಾರ 1 ಮಿಲಿಮೀಟರ್ ದಪ್ಪದ ಹಾಳೆಯ ಸೀಳುವ ಬಲ ಕನಿಷ್ಠ 125 ನ್ಯೂಟನ್ ಇರಬೇಕು, ಅಂದರೆ ಹೆಚ್ಚುಕಡಿಮೆ ಹದಿಮೂರು ಕಿಲೋ ಭಾರ ತೂಗುಹಾಕಿದಷ್ಟು. 2 ಮಿಲಿಮೀಟರ್ ಆದರೆ 249 ನ್ಯೂಟನ್. ದಪ್ಪ ಎರಡರಷ್ಟಾದರೆ ಬಲವೂ ಎರಡರಷ್ಟು. ಇಲ್ಲಿ ಮೈಕ್ರಾನ್ ಕೇಳಿದರೆ ಅರ್ಥ ಇದೆ.

ಎರಡನೇ ಜಾತಿಯ ಒಳಗೆ ಬಟ್ಟೆ ಇರುತ್ತದೆ. ಎಚ್‌ಡಿಪಿಇಯ ಸಣ್ಣ ಪಟ್ಟಿಗಳನ್ನು ಹಾಸು ಹೊಕ್ಕಾಗಿ ನೇಯ್ದು, ಎರಡೂ ಕಡೆ ಪ್ಲಾಸ್ಟಿಕ್ ಪದರ ಅಂಟಿಸಿದ ಶೀಟು ನಮ್ಮ ಹೊಂಡಗಳಲ್ಲಿ ಜಾಸ್ತಿ ಕಾಣುತ್ತದೆ. ಇದಕ್ಕೆ ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್‌ನವರ ಐಎಸ್ 15351 ಅನ್ನುವ ಮಾನಕ ಇದೆ. ದೊಡ್ಡ ಜಲಾಶಯಗಳಿಗೆ ಬಳಸುವ ಇನ್ನೊಂದು ಬಗೆಯಲ್ಲಿ ಪಾಲಿಯೆಸ್ಟರ್ ನೂಲಿನ ಬಿಡಿಬಿಡಿಯಾದ ಜಾಲರಿ ಇಟ್ಟು, ಮೇಲೆ ಕೆಳಗೆ ಮೆತ್ತನೆಯ ಪಾಲಿಪ್ರೊಪಿಲಿನ್ ಹಾಕಿರುತ್ತಾರೆ. ಇವೆರಡರಲ್ಲೂ ಸೀಳನ್ನು ತಡೆಯುವ ಕೆಲಸ ಬಹುಪಾಲು ನೂಲಿನದು. ಮೇಲಿನ ಪದರ ಮುಖ್ಯವಾಗಿ ನೀರು ತಡೆಯುವುದಕ್ಕೆ. ಅಂದಮೇಲೆ ಪದರವನ್ನು ಇನ್ನಷ್ಟು ದಪ್ಪ ಮಾಡಿ ಮೈಕ್ರಾನ್ ಏರಿಸಿದರೆ ಸೀಳುವ ಬಲವೂ ಅಷ್ಟೇ ಏರುತ್ತದೆ ಅಂತ ಹೇಗೆ ಹೇಳುವುದು?

ಇನ್ನೂ ಒಂದು ವಿಚಿತ್ರ ಇದೆ. ಬಟ್ಟೆ ಅಂಗಡಿಯವರು ಸೀರೆಯಿಂದ ರವಿಕೆ ಕಣ ತೆಗೆಯುವಾಗ ಅಂಚಿಗೆ ಕತ್ತರಿ ತಾಗಿಸಿ, ಎರಡೂ ಕೈಯಲ್ಲಿ ಹಿಡಿದು ಸರ್‍ರಂತ ಎಳೆಯುತ್ತಾರೆ, ಒತ್ತಾದ ನೇಯ್ಗೆ ನೆಟ್ಟಗೆ ಸೀಳಿಕೊಂಡು ಹೋಗುತ್ತದೆ. ಒತ್ತಾಗಿ ನೇಯ್ದ ನೂಲು ಅಲುಗಾಡುವುದಿಲ್ಲ, ಅದಕ್ಕೇ ಸೀಳಿನ ತುದಿಗೆ ಒಂದೊಂದೇ ಸಿಕ್ಕಿ ಒಂದೊಂದೇ ಕಡಿಯುತ್ತದೆ. ಒಂದು ನೂಲು ಕಡಿಯುವುದಕ್ಕೆ ಎಷ್ಟು ಬಲ ಬೇಕು, ಏನೂ ಇಲ್ಲ. ಅದೇ ನೂಲುಗಳು ಪಕ್ಕಕ್ಕೆ ಜಾರುವ ಹಾಗಿದ್ದರೆ, ಸೀಳಿನ ತುದಿಯಲ್ಲಿ ನಾಲ್ಕಾರು ನೂಲು ಒಂದಕ್ಕೊಂದು ಸೇರಿ ಗುಂಪಾಗುತ್ತವೆ, ಆಗ ಅವನ್ನೆಲ್ಲ ಒಟ್ಟಿಗೆ ಕಡಿಯಬೇಕು, ಬಲ ಒಮ್ಮೆಲೇ ಏರುತ್ತದೆ. ಬಿಡಿ ಜಾಲರಿಯ ಶೀಟು ಸೀಳುವುದಕ್ಕೆ ಕಷ್ಟ ಕೊಡುವುದು ಇದೇ ಕಾರಣಕ್ಕೆ.

ಈಗ ಅಂಟಿಸಿದ ಪದರದ ವಿಷಯಕ್ಕೆ ಬನ್ನಿ. ಪದರ ನೂಲಿಗೆ ತುಂಬಾ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ನೂಲು ಜಾರುವುದಿಲ್ಲ, ಗುಂಪಾಗುವುದಿಲ್ಲ, ಸೀಳುವ ಬಲ ಇಳಿಯುತ್ತದೆ. ಹಾಗಂತ ಸಡಿಲವಾಗಿ ಅಂಟಿಸಿದರೆ ಪದರವೇ ಕಿತ್ತು ಬರುತ್ತದೆ, ನೂಲಿನ ಜಾಡು ಹಿಡಿದು ನೀರು ಒಳಗೆ ನುಗ್ಗುತ್ತದೆ. ತಯಾರಿಸುವವರ ನಿಜವಾದ ಕಸುಬು ಇರುವುದು ಈ ಎರಡರ ನಡುವೆ. ಇದು ಮೈಕ್ರಾನಿನಲ್ಲಿ ಕಾಣುವುದಿಲ್ಲ, ಮೆಷಿನ್ನಿಗೆ ಕಟ್ಟಿ ಸೀಳಿಸಿದರೆ ಮಾತ್ರ ಕಾಣುತ್ತದೆ.

ಸೀಳಿಸುವುದು ಹೇಗೆ? ಒಳಗೆ ನೂಲಿರುವ ಶೀಟಿಗೆ ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಡಿ 5884 ಅಂತ ಒಂದು ವಿಧಾನ ಇದೆ, ಲ್ಯಾಬಿನವರು ನಾಲಿಗೆ ಪರೀಕ್ಷೆ ಅನ್ನುತ್ತಾರೆ. ಶೀಟಿನ ತುಂಡಿನಲ್ಲಿ ಒಂದು ಕಡೆಯಿಂದ ಮಧ್ಯಕ್ಕೆ ಕತ್ತರಿಸಿದರೆ ಎರಡು ನಾಲಿಗೆ ಸಿಗುತ್ತವೆ. ಒಂದನ್ನು ಮೇಲಿನ ಹಿಡಿಗೆ, ಇನ್ನೊಂದನ್ನು ಕೆಳಗಿನ ಹಿಡಿಗೆ ಕಚ್ಚಿಸಿ ಮೆಷಿನ್ ಎಳೆಯುತ್ತದೆ. ಆಗ ಪರದೆಯ ಮೇಲೆ ಬರುವ ಗೆರೆ ನೋಡಬೇಕು ನೀವು. ನೆಟ್ಟಗೆ ಇರುವುದಿಲ್ಲ, ಏರಿ ಇಳಿದು ಏರಿ ಇಳಿದು ಹೋಗುತ್ತದೆ. ಬಲ ಕೂಡಿಕೊಂಡಾಗ ಏರಿಕೆ, ನೂಲು ಕಡಿದಾಗ ಇಳಿಕೆ. ಎಲ್ಲಕ್ಕಿಂತ ಎತ್ತರದ ಐದು ಏರಿಕೆಗಳನ್ನು ಹಿಡಿದು ಸರಾಸರಿ ತೆಗೆಯುವುದು ಇಂಥ ಪರೀಕ್ಷೆಗಳಲ್ಲಿ ರೂಢಿ. ಸರಾಸರಿ ನೋಡಿ ಸುಮ್ನೆ ಮುಗಿಸುವವರೇ ಜಾಸ್ತಿ, ಆದರೆ ನನ್ನನ್ನು ಕೇಳಿದರೆ ಗೆರೆಯೇ ಹೆಚ್ಚು ಹೇಳುತ್ತದೆ. ದೊಡ್ಡ ದೊಡ್ಡ ಏರಿಳಿತ ಇದ್ದರೆ ನೂಲು ಗುಂಪಾಗುತ್ತಿದೆ ಅಂತ, ಸಣ್ಣ ಸಣ್ಣದಾಗಿ ಒಂದೇ ಸಮ ಇದ್ದರೆ ಒಂದೊಂದೇ ಕಡಿಯುತ್ತಿದೆ ಅಂತ.

ಇನ್ನೊಂದು ವಿಧಾನದಲ್ಲಿ ತುಂಡಿನ ಮೇಲೆ ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾಗಿ ಇರುವ ಆಕಾರ ಗುರುತು ಮಾಡುತ್ತಾರೆ. ಎಎಸ್‌ಟಿಎಂ ಡಿ 4533ರಲ್ಲಿ ಕಿರಿದಾದ ಬದಿ 25 ಮಿಲಿಮೀಟರ್, ಅಗಲದ ಬದಿ 100. ಕಿರಿದಾದ ಬದಿಯ ಮಧ್ಯದಲ್ಲಿ 15 ಮಿಲಿಮೀಟರ್ ಕತ್ತರಿಸಿ, ಓರೆ ಬದಿಗಳನ್ನು ಹಿಡಿಗೆ ಕಚ್ಚಿಸಿ, ನಿಮಿಷಕ್ಕೆ 300 ಮಿಲಿಮೀಟರ್ ವೇಗದಲ್ಲಿ ಎಳೆಯುತ್ತಾರೆ. ಇದು ಮೂಲತಃ ಜಿಯೋಟೆಕ್ಸ್‌ಟೈಲ್, ಅಂದರೆ ಮಣ್ಣಿನ ಕೆಲಸಗಳಲ್ಲಿ ಹಾಸುವ ಬಟ್ಟೆಗೆ ಮಾಡಿದ ಪರೀಕ್ಷೆ, ನಮ್ಮಲ್ಲಿ ಐಎಸ್ 14293 ಅನ್ನುವುದು ಇದೇ ಬಗೆಯದು. ಇಲ್ಲಿ ನೂಲನ್ನು ಅದರ ಉದ್ದಕ್ಕೇ ಎಳೆಯುವುದರಿಂದ ಬರುವ ಅಂಕಿಯೇ ಬೇರೆ. ಒಂದೇ ರೋಲಿನಿಂದ ತೆಗೆದ ಎರಡು ತುಂಡು, ಎರಡು ವಿಧಾನ, ಎರಡು ಉತ್ತರ. ಎರಡೂ ಸರಿ! ಹಾಗಾಗಿ ಒಂದು ಕಂಪನಿಯ ಕರಪತ್ರದ ಅಂಕಿಯನ್ನು ಇನ್ನೊಂದು ಕಂಪನಿಯದರ ಪಕ್ಕ ಇಟ್ಟು ಹೋಲಿಸುವ ಮೊದಲು ಯಾವ ವಿಧಾನ ಅಂತ ನೋಡಬೇಕು, ಅದು ಬರೆದಿಲ್ಲದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ.

ದಿಕ್ಕು ಕೂಡ ಮುಖ್ಯ. ಹಾಸಿನ ನೂಲು ಕಡಿಯುವುದಕ್ಕೆ ಬೇಕಾದ ಬಲ ಒಂದು, ಹೊಕ್ಕಿನದು ಇನ್ನೊಂದು. ನಾಲಿಗೆ ಪರೀಕ್ಷೆಯಲ್ಲಿ ಸೀಳು ಉದ್ದಕ್ಕೆ ಹೋದರೆ ಕಡಿಯುವುದು ಅಡ್ಡದ ನೂಲು. ವರದಿಯಲ್ಲಿ ಬರೀ ಉದ್ದ ಅಂತ ಬರೆದಿದ್ದರೆ ಸೀಳಿನ ದಿಕ್ಕೋ, ಕಡಿದ ನೂಲಿನ ದಿಕ್ಕೋ ಅಂತ ಕೇಳಲೇಬೇಕು. ಎರಡರಲ್ಲಿ ಕಡಿಮೆ ಇರುವ ಅಂಕಿಯನ್ನೇ ನಂಬಿ, ಹೊಂಡದಲ್ಲಿ ಸೀಳು ಯಾವ ಕಡೆಯಿಂದ ಬರುತ್ತದೆ ಅಂತ ಯಾರಿಗೆ ಗೊತ್ತು?

ಕೆಲವೊಮ್ಮೆ ಸೀಳು ನಾವು ಕತ್ತರಿಸಿದ ದಾರಿ ಬಿಟ್ಟು ಪಕ್ಕಕ್ಕೆ ತಿರುಗಿ ಅಂಚಿಗೆ ಹೋಗಿಬಿಡುತ್ತದೆ. ಇನ್ನು ಕೆಲವೊಮ್ಮೆ ತುಂಡು ಹಿಡಿಯಿಂದಲೇ ಜಾರುತ್ತದೆ. ಇಂಥದ್ದಾದರೆ ಮುಚ್ಚಿಡದೆ ವರದಿಯಲ್ಲಿ ಬರೆಯಬೇಕು. ಎಲ್ಲ ತುಂಡೂ ಒಂದೇ ಸಮ ಬಂದಿದೆ, ಏರುಪೇರೇ ಇಲ್ಲ ಅನ್ನುವ ವರದಿ ನೋಡಿದರೆ ನನಗೆ ಸ್ವಲ್ಪ ಅನುಮಾನವೇ.

ಹೊಂಡದಲ್ಲಿ ಈ ಬಲ ಯಾಕೆ ಬೇಕು? 3 ಮೀಟರ್ ನೀರು ನಿಂತರೆ ತಳದ ಒಂದೊಂದು ಚದರ ಮೀಟರ್ ಮೇಲೆ 3 ಟನ್ ಭಾರ. ತಳ ಸಮವಾಗಿದ್ದರೆ ಆ ಭಾರವನ್ನು ಮಣ್ಣು ಹೊರುತ್ತದೆ, ಶೀಟಿಗೆ ತೊಂದರೆ ಇಲ್ಲ. ಆದರೆ ಇಳಿಜಾರು ತಳಕ್ಕೆ ಸೇರುವ ಮೂಲೆಯಲ್ಲಿ ಶೀಟು ಮಣ್ಣಿಗೆ ತಾಗದೆ ಬಿಗಿಯಾಗಿ ನಿಂತಿದ್ದರೆ, ಅಲ್ಲಿ ಆ ಭಾರ ಪೂರ್ತಿ ಶೀಟಿನ ಮೇಲೇ ಬೀಳುತ್ತದೆ. ಅದೇ ಜಾಗದಲ್ಲಿ ಒಂದು ಚೂಪು ಕಲ್ಲು ಇದ್ದರೆ, ಜಾಲಿ ಮುಳ್ಳು ಇದ್ದರೆ, ಮೊದಲು ಸಣ್ಣ ತೂತು, ಆಮೇಲೆ ಸೀಳು. ಜೇಕಿನ ಮೊಳಕೆಯಂತೂ ಕೆಳಗಿನಿಂದ ಶೀಟನ್ನೇ ಚುಚ್ಚಿಕೊಂಡು ಮೇಲೆ ಬರುತ್ತದೆ, ಅದರ ಗಡ್ಡೆಗಳನ್ನು ಆರಿಸಿ ತೆಗೆಯದೆ ಶೀಟು ಹಾಸಬೇಡಿ. ಮೂಲೆಗಳಲ್ಲಿ ಸ್ವಲ್ಪ ಸಡಿಲ ಬಿಡಿ, ತಂಪು ಹೊತ್ತಿನಲ್ಲಿ ಹಾಸಿ, ಮಧ್ಯಾಹ್ನದ ಬಿಸಿಲಿಗೆ ಹಿಗ್ಗಿದ ಶೀಟನ್ನು ಬಿಗಿಯಾಗಿ ಎಳೆದು ಹೂತರೆ ರಾತ್ರಿ ತಂಪಿಗೆ ಅದು ಇನ್ನೂ ಬಿಗಿಯಾಗುತ್ತದೆ.

ಬಿಸಿಲಿನ ಮಾತು ಬಂತು. ನೀರು ಇಳಿದಾಗ ಬಯಲಾಗುವ ಮೇಲಿನ ಪಟ್ಟಿ ವರ್ಷಗಟ್ಟಲೆ ಬಿಸಿಲು ತಿನ್ನುತ್ತದೆ, ಪೆಡಸಾಗುತ್ತದೆ. ಹೊಸ ಶೀಟಿನ ವರದಿ ಆ ಪಟ್ಟಿಗೆ ಹೊಂದುವುದಿಲ್ಲ. ಅಂಚಿನಲ್ಲಿ ಒಂದು ಮೀಟರ್ ಹೆಚ್ಚಿಗೆ ಶೀಟನ್ನು ಬಿಸಿಲಿಗೇ ಬಿಟ್ಟಿದ್ದರೆ, ಮೂರು ನಾಲ್ಕು ವರ್ಷದ ಮೇಲೆ ಅದರಿಂದಲೇ ತುಂಡು ತೆಗೆದು ಮತ್ತೆ ಸೀಳಿಸಿ ನೋಡಬಹುದು. ಇದನ್ನು ಮಾಡುವವರು ಕಡಿಮೆ, ಮಾಡಬೇಕು ಅಂತ ನನ್ನ ಅಭಿಪ್ರಾಯ.

ಪ್ರತಿ ರೈತನೂ ಲ್ಯಾಬಿಗೆ ಹೋಗಲಾಗುತ್ತದಾ? ಇಲ್ಲ. ಆದರೆ ಕೊಳ್ಳುವಾಗ ಒಂದು ತುಂಡು ಕೇಳಿ ತೆಗೆದುಕೊಳ್ಳಿ, ಕತ್ತರಿಯಲ್ಲಿ ಎರಡು ಇಂಚು ಕತ್ತರಿಸಿ, ಎರಡು ತುಟಿ ಹಿಡಿದು ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ಎಳೆಯಿರಿ. ಉದ್ದಕ್ಕೂ ಮಾಡಿ, ಅಡ್ಡಕ್ಕೂ ಮಾಡಿ. ನೂಲು ಗುಂಪಾಗುತ್ತದೋ, ಸರ್‍ರಂತ ಹೋಗುತ್ತದೋ, ಪದರ ಕಿತ್ತು ಬರುತ್ತದೋ ಕಣ್ಣಿಗೇ ಕಾಣುತ್ತದೆ. ಇದು ಲ್ಯಾಬಿನ ಬದಲಿ ಅಲ್ಲ, ಎರಡು ಶೀಟು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಸಾಕು. ಊರಿನ ಹತ್ತಿಪ್ಪತ್ತು ಜನ ಸೇರಿ ಒಟ್ಟಿಗೆ ಕೊಳ್ಳುವುದಾದರೆ ಲ್ಯಾಬ್ ಖರ್ಚು ಹಂಚಿಕೊಳ್ಳಬಹುದು. ವರದಿಯಲ್ಲಿ ರೋಲ್ ನಂಬರ್ ಇರಲಿ, ಅದು ನಿಮಗೆ ಬಂದ ರೋಲಿನದೇ ಆಗಿರಲಿ.

ಈಗಾಗಲೇ ಸೀಳಿರುವ ಶೀಟಿಗೆ ತೇಪೆ ಹಾಕುವವರು ಇಷ್ಟು ಗಮನಿಸಿ. ಸೀಳಿನ ಎರಡೂ ತುದಿಯಲ್ಲಿ ಕತ್ತರಿಯಿಂದ ಸಣ್ಣ ಗುಂಡು ತೂತು ಮಾಡಿ, ಆಗ ಅದು ಮುಂದಕ್ಕೆ ಓಡುವುದು ಕಷ್ಟ. ಮಣ್ಣು, ಪಾಚಿ ಒರೆಸಿ ಒಣಗಿಸಿ. ತೇಪೆ ಸೀಳಿಗಿಂತ ಎಲ್ಲ ಕಡೆಯೂ ಒಂದು ಗೇಣು ದೊಡ್ಡದಿರಲಿ, ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆ ಮೊದಲು ಎದ್ದು ಬರುತ್ತದೆ. ಆಮೇಲೆ ಬಿಸಿ ಗಾಳಿಯ ಗನ್ನಿನಿಂದ ಒತ್ತಿ ಅಂಟಿಸಿ. ನಮಸ್ಕಾರ.