ತನ್ನ ಸಾವಿನ ಸುದ್ದಿ ತಾನೇ ಓದಿದ ಬಾತ್ಮೀದಾರ

ನಮಸ್ಕಾರ.

1900ನೇ ಇಸವಿ, ಜುಲೈ 17. ಲಂಡನ್ನಿನ ಟೈಮ್ಸ್ ಪತ್ರಿಕೆ ಚೀನಾದ ರಾಜಧಾನಿ ಪೀಕಿಂಗ್‌ನಲ್ಲಿದ್ದ (ಇವತ್ತಿನ ಬೀಜಿಂಗ್) ತನ್ನ ಬಾತ್ಮೀದಾರ ಸತ್ತನೆಂದು ಬರೆಯಿತು. ಹೊಗಳಿದ್ದೇ ಹೊಗಳಿದ್ದು. ಅತ್ತ ಪೀಕಿಂಗ್‌ನಲ್ಲಿ ಆ ಮನುಷ್ಯ ತೊಡೆಗೆ ಗುಂಡು ತಿಂದು ಮಲಗಿದ್ದ. ಸತ್ತಿರಲಿಲ್ಲ.

ಹೆಸರು ಜಾರ್ಜ್ ಅರ್ನೆಸ್ಟ್ ಮಾರಿಸನ್. ಹುಟ್ಟಿದ್ದು 1862ರಲ್ಲಿ, ಆಸ್ಟ್ರೇಲಿಯಾದ ಜೀಲಾಂಗ್ ಊರಲ್ಲಿ. ಕಾಲಲ್ಲಿ ಚಕ್ರ ಇದ್ದ ಹುಡುಗ. ಇಪ್ಪತ್ತು ದಾಟುತ್ತಿದ್ದಂತೆ ಆಸ್ಟ್ರೇಲಿಯಾದ ಉತ್ತರ ತುದಿಯಿಂದ ಮೆಲ್ಬೋರ್ನ್‌ಗೆ ಒಬ್ಬನೇ ನಡೆದು ಬಂದ. ಎರಡು ಸಾವಿರ ಮೈಲಿ! ಆಮೇಲೆ ನ್ಯೂಗಿನಿಯಲ್ಲಿ ಈಟಿಯೇಟು ತಿಂದ. ಈಟಿಯ ಮುರಿದ ತುದಿ ಮೈಯೊಳಗೇ ಉಳಿಯಿತು. ಅದನ್ನು ಹೊತ್ತುಕೊಂಡೇ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿ ತೆಗೆಸಿಕೊಂಡ. ಅದೇ ಊರಲ್ಲಿ ಓದಿ ಡಾಕ್ಟರೂ ಆದ.

ಡಾಕ್ಟರ್ ಆದವನು ಒಂದು ಕಡೆ ಕೂತನೇ? ಇಲ್ಲ. 1894ರಲ್ಲಿ ಶಾಂಘೈನಿಂದ ಹೊರಟು ಯಾಂಗ್‌ಟ್ಸೆ ನದಿಯಲ್ಲಿ ದೋಣಿ ಹಿಡಿದು, ಆಮೇಲೆ ಯುನ್ನಾನ್ ಬೆಟ್ಟಗಳನ್ನು ದಾಟಿ ಬರ್ಮಾಕ್ಕೆ ಬಂದ. ಚೀನೀ ಬಟ್ಟೆ ತೊಟ್ಟಿದ್ದ. ಟೋಪಿಯೊಳಗೆ ಸುಳ್ಳು ಜಡೆಯೊಂದನ್ನು ಹೊಲಿಸಿಕೊಂಡಿದ್ದ. ಕೈಯಲ್ಲಿ ಆಯುಧ ಇಲ್ಲ, ಬಾಯಲ್ಲಿ ಚೀನೀ ಮಾತೂ ಇಲ್ಲ. ಬರ್ಮಾ ಗಡಿಯ ಭಾಮೋ ಊರು ಸೇರುವವರೆಗೆ, ಬಟ್ಟೆಬರೆಯೂ ಸೇರಿ, ಖರ್ಚು 20 ಪೌಂಡಿಗಿಂತ ಕಡಿಮೆ. ಕಲ್ಕತ್ತಕ್ಕೆ ಬಂದವನನ್ನು ಜ್ವರ ಹಿಡಿದುಕೊಂಡಿತು, ಸಾಯೋದೊಂದು ಬಾಕಿ. ಈ ಪ್ರವಾಸದ ಕಥೆಯನ್ನು ಪುಸ್ತಕವಾಗಿ ಬರೆದ. ಅದರ ಬೆನ್ನಲ್ಲೇ ಟೈಮ್ಸ್ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಮೊದಲು ಸಯಾಮ್‌ಗೆ (ಇವತ್ತಿನ ಥಾಯ್ಲೆಂಡ್) ಕಳಿಸಿದರು, 1897ರಲ್ಲಿ ಪೀಕಿಂಗ್‌ಗೆ.

ಈಗ ಆ 1900ರ ಬೇಸಿಗೆಗೆ ಬರೋಣ. ವಿದೇಶಿಯರ ಮೇಲೆ, ಕ್ರೈಸ್ತರಾದ ಚೀನೀಯರ ಮೇಲೆ ಬಾಕ್ಸರ್ ಎಂಬ ದಂಗೆಕೋರರು ತಿರುಗಿಬಿದ್ದಿದ್ದರು. ಸಿಟ್ಟಿಗೆ ಕಾರಣವಿತ್ತು ಬಿಡಿ. ಜರ್ಮನಿ, ರಷ್ಯಾ, ಬ್ರಿಟನ್, ಒಬ್ಬೊಬ್ಬರೂ ಚೀನಾದ ಒಂದೊಂದು ಬಂದರು ಬಾಚಿಕೊಂಡಿದ್ದ ಕಾಲ ಅದು. ಜೂನ್ 20ರಿಂದ 55 ದಿನ ರಾಯಭಾರ ಕಚೇರಿಗಳಿಗೆ ಮುತ್ತಿಗೆ. ಒಳಗೆ ಸುಮಾರು 900 ವಿದೇಶಿಯರು, ಅವರ ಮೂರುಪಟ್ಟು ಚೀನೀ ಕ್ರೈಸ್ತರು. ಈ ಚೀನೀಯರಿಗೆ ಪಕ್ಕದ ಅರಮನೆಯೊಂದರಲ್ಲಿ ಜಾಗ ಕೊಡಿಸಲು ಓಡಾಡಿದವರಲ್ಲಿ ಮಾರಿಸನ್ನೂ ಒಬ್ಬ. ಊಟಕ್ಕೆ ಕುದುರೆ ಮಾಂಸ. ಮರಳು ಚೀಲಕ್ಕೆ ಗೋಣಿ ಮುಗಿದು ಹೋಗಿತ್ತು. ಹೆಂಗಸರು ಕೂತು ರೇಷ್ಮೆ, ಸ್ಯಾಟಿನ್, ಕಿಟಕಿ ಪರದೆ, ಕೈಗೆ ಸಿಕ್ಕಿದ್ದನ್ನೆಲ್ಲಾ ಚೀಲವಾಗಿ ಹೊಲಿದರು. ಬಣ್ಣಬಣ್ಣದ ರೇಷ್ಮೆ ಚೀಲದ ಮರೆಯಲ್ಲಿ ಬಂದೂಕು ಹಿಡಿದು ಕೂತ ಸಿಪಾಯಿ! ಜುಲೈ 16ರಂದು ಮಾರಿಸನ್ ಜೊತೆಯಲ್ಲೇ ಬರುತ್ತಿದ್ದ ಕ್ಯಾಪ್ಟನ್ ಸ್ಟ್ರೌಟ್ಸ್‌ಗೆ ಗುಂಡು ಬಿತ್ತು, ಉಳಿಯಲಿಲ್ಲ. ಅದೇ ಹೊತ್ತಿಗೆ ಮಾರಿಸನ್ ತೊಡೆಗೂ ಒಂದು.

ತಂತಿ ಕಡಿದು ಹೋಗಿತ್ತು, ಹೊರಗೆ ಸುದ್ದಿಯೇ ಇಲ್ಲ. ಸುದ್ದಿ ಇಲ್ಲದ ಕಡೆ ಸುಳ್ಳು ಹುಟ್ಟೋದು ಸುಲಭ ಅಲ್ವಾ? ಪೀಕಿಂಗ್‌ನಲ್ಲಿ ಎಲ್ಲರನ್ನೂ ಕೊಚ್ಚಿ ಹಾಕಿದರು ಅಂತ ಶಾಂಘೈನಿಂದ ಒಂದು ವರದಿ ಹೋಯಿತು. ಡೈಲಿ ಮೇಲ್ ಅದನ್ನು ಅಚ್ಚು ಹಾಕಿತು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲಿ ಸತ್ತವರಿಗೆ ಪ್ರಾರ್ಥನೆಗೂ ದಿನ ಗೊತ್ತಾಗಿತ್ತು, ಆಮೇಲೆ ರದ್ದಾಯಿತು. ಅಂದರೆ ಮಾರಿಸನ್ನನನ್ನು ಕಾಗದದ ಮೇಲೆ ಕೊಂದದ್ದು ಬಾಕ್ಸರ್‌ಗಳಲ್ಲ, ಅವನದೇ ಕಸುಬಿನವರು.

ಆಗಸ್ಟ್ 14ರ ಮಧ್ಯಾಹ್ನ ಕೋಟೆಗೋಡೆಯ ಕೆಳಗಿನ ನೀರಿನ ಕಂಡಿಯಿಂದ, ಕೊಚ್ಚೆ ತುಳಿದುಕೊಂಡು, ಮೊದಲು ಒಳಗೆ ನುಗ್ಗಿದ್ದು ಮುತ್ತಿಗೆ ಬಿಡಿಸಲು ಬಂದ ಬ್ರಿಟಿಷ್ ಸೈನ್ಯದಲ್ಲಿದ್ದ ನಮ್ಮ ಹಿಂದೂಸ್ತಾನದ ಸಿಪಾಯಿಗಳು, 7ನೇ ರಜಪೂತ ಪಡೆಯವರು. ಮುತ್ತಿಗೆಯಲ್ಲಿದ್ದವರು ಕುಣಿದಾಡಿಬಿಟ್ಟರು. ಆ ಸಿಪಾಯಿಗಳ ಸಾವಿಗೆ ಯಾವ ಪತ್ರಿಕೆ ಹಾಗೆ ಕಾಲಂಗಟ್ಟಲೆ ಬರೆದೀತು, ಅನ್ನೋ ಮಾತು ನನ್ನ ತಲೆಗೆ ಬರದೆ ಇರೋಲ್ಲ.

ಮಾರಿಸನ್‌ಗೆ ಒಂದು ಕೊರತೆ ಇತ್ತು. ಅಷ್ಟು ವರ್ಷ ಪೀಕಿಂಗ್‌ನಲ್ಲಿದ್ದರೂ ಚೀನೀ ಭಾಷೆ ಅವನಿಗೆ ಹತ್ತಲಿಲ್ಲ. ಬ್ಯಾಕ್‌ಹೌಸ್ ಅನ್ನೋ ಇಂಗ್ಲಿಷ್ ಯುವಕ ಚೀನೀ ಕಾಗದಗಳನ್ನು ಅನುವಾದಿಸಿ ಕೊಡುತ್ತಿದ್ದ. ಇದೇ ಬ್ಯಾಕ್‌ಹೌಸ್ ಆಮೇಲೆ ಬೆಳಕಿಗೆ ತಂದ ಒಂದು ಹಳೇ ಡೈರಿ ಖೋಟಾ ಅಂತ ಸಾಬೀತಾಯಿತು. ಅದರ ಮೇಲೆ ಮಾರಿಸನ್‌ಗೂ ಅನುಮಾನ ಇತ್ತು. ಇನ್ನು ಬ್ರಿಟನ್ ಲಾಭದ ಮಾತು ಬಂದರೆ ಅವನ ಪೆನ್ನು ತಟಸ್ಥವಾಗಿ ಇರುತ್ತಿರಲಿಲ್ಲ. ರಷ್ಯಾವನ್ನು ಜಪಾನ್ ಬಗ್ಗುಬಡಿಯಲಿ ಅಂತಲೇ ಅವನಿಗೆ ಆಸೆ. 1912ರಲ್ಲಿ ಪತ್ರಿಕೆ ಬಿಟ್ಟು ಚೀನಾದ ಅಧ್ಯಕ್ಷ ಯುವಾನ್ ಶಿಕಾಯ್‌ಗೆ ಸಲಹೆಗಾರನಾದ.

ಭಾಷೆ ಬಾರದ ಈ ಮನುಷ್ಯ ಚೀನಾದ ಬಗ್ಗೆ ಯೂರೋಪಿನ ಭಾಷೆಗಳಲ್ಲಿ ಬಂದ ಪುಸ್ತಕ, ನಕ್ಷೆ, ಕರಪತ್ರ ಎಲ್ಲಾ ಸೇರಿಸಿದ. 20,000ಕ್ಕೂ ಜಾಸ್ತಿ. 1917ರಲ್ಲಿ ಅದನ್ನು ಜಪಾನಿನ ಶ್ರೀಮಂತ ಇವಾಸಾಕಿ ಹಿಸಾಯಾಗೆ 35,000 ಪೌಂಡಿಗೆ ಮಾರಿದ. 1920ರಲ್ಲಿ ಇಂಗ್ಲೆಂಡಿನ ಸಿಡ್‌ಮತ್‌ನಲ್ಲಿ ತೀರಿಕೊಂಡ, ಈ ಸಲ ನಿಜವಾಗಿ. ಆ ಪುಸ್ತಕಗಳು ಟೋಕಿಯೋದ ತೋಯೋ ಬುಂಕೋ ಗ್ರಂಥಾಲಯದಲ್ಲಿ ಇವತ್ತಿಗೂ ಇವೆ.