ನಗೋ ಮೊದಲು ಕೂತ್ಕೋತೀನಿ

ಬೆಳಗ್ಗೆ ಐದೂವರೆ. ಈಗ ಕೇಳಿಸ್ತಲ್ಲ, ಆ ಫೋನು ಅಮ್ಮಂದು. ಚನ್ನರಾಯಪಟ್ಟಣದಿಂದ ದಿನಾ ಇದೇ ಹೊತ್ತಿಗೆ ಮಾಡ್ತಾರೆ. "ಮಾತ್ರೆ ತಗೊಂಡ್ಯಾ ಪುಟ್ಟೀ?" ಅಂತಾರೆ. ದಿಂಬಿನ ಪಕ್ಕದಲ್ಲೇ ಇಟ್ಕೊಂಡಿರೋ ಮಾತ್ರೆ ನುಂಗ್ತೀನಿ. ನೀರು ಕುಡಿದ ಸದ್ದು ಅವರಿಗೆ ಕೇಳಿಸಬೇಕು, ಆಮೇಲೇ ಫೋನ್ ಇಡ್ತಾರೆ. ನಾನು ಮತ್ತೆ ಮಲಗ್ತೀನಿ. ಆರೂಮುಕ್ಕಾಲಿಗೆ ಎರಡನೇ ಅಲಾರಂ ಹೊಡ್ಕೊಳ್ಳೋ ಹೊತ್ತಿಗೆ ಆ ಮಾತ್ರೆ, ಎಚ್ಚರವಾಗಿಡೋ ಮೊಡಾಫಿನಿಲ್, ಕೆಲಸ ಶುರು ಮಾಡಿರುತ್ತೆ. ಮಾತ್ರೆ ಇಲ್ಲದ ದಿನ ಆ ಅಲಾರಂನ ನಾನೇ ಆರಿಸಿರ್ತೀನಿ, ಆರಿಸಿದ್ದು ಮಾತ್ರ ನೆನಪಿರಲ್ಲ.

ನನಗಿರೋದು ನಾರ್ಕೊಲೆಪ್ಸಿ, ಟೈಪ್ 1. ಹಗಲಲ್ಲೂ ನಿದ್ದೆ ತಡೆಯೋಕಾಗದ ಮೆದುಳಿನ ಕಾಯಿಲೆ. ಮಾಡೋ ಕೆಲಸ ಮೆಡಿಕಲ್ ಕೋಡಿಂಗ್. ಈ ವಿಡಿಯೋದಲ್ಲಿ ಇರೋದು ನನ್ನ ಒಂದು ಮಂಗಳವಾರ. ದನಿ ಮಾತ್ರ ಭಾನುವಾರ ಕೊಡ್ತಿದೀನಿ. ಮಧ್ಯೆ ಎಲ್ಲಾದ್ರೂ ದನಿ ಬೇರೆ ಥರ ಕೇಳಿಸಿದ್ರೆ, ಅಲ್ಲಿ ನಿಲ್ಲಿಸಿ ಮಲಗೆದ್ದು ಬಂದಿದೀನಿ ಅಂತ ತಿಳ್ಕೊಳ್ಳಿ.

ಇದು ವಿಜಯನಗರ ಮೆಟ್ರೋ ಸ್ಟೇಷನ್. ಕುಂದಲಹಳ್ಳಿವರೆಗೆ ಹೋಗಬೇಕು, ಮುಕ್ಕಾಲು ಗಂಟೆಗೂ ಮೇಲೆ. ಸೀಟು ಖಾಲಿ ಇದ್ರೂ ಕೂರಲ್ಲ. ಕೂತ ದಿನಗಳಲ್ಲಿ ಎಷ್ಟೋ ಸಲ ಕಣ್ಣು ಬಿಟ್ಟಿದ್ದು ಲೈನಿನ ಕೊನೆ ಸ್ಟೇಷನ್ ಕಾಡುಗೋಡಿಯಲ್ಲಿ. ಈಗ ಕಂಬ ಹಿಡ್ಕೊಂಡು ನಿಲ್ತೀನಿ, ಫೋನ್ ಕೈಯಲ್ಲೇ ಇರುತ್ತೆ, ಹತ್ತು ನಿಮಿಷಕ್ಕೊಂದು ಸಲ ಗುಂಯ್ ಅನ್ನೋ ಹಾಗೆ ಇಟ್ಟಿದೀನಿ. ಸ್ಕೂಟಿ ತಮ್ಮನಿಗೆ ಕೊಟ್ಟುಬಿಟ್ಟೆ. ಅದು ನನಗೆ ತುಂಬಾ ಕಷ್ಟವಾಗಿತ್ತು, ಮೊದಲ ಸಂಬಳದಲ್ಲಿ ಮುಂಗಡ ಕಟ್ಟಿ ತಗೊಂಡಿದ್ದು.

ಕೋಡಿಂಗ್ ಅಂದ್ರೆ ಬಹಳ ಜನ ಕಂಪ್ಯೂಟರ್ ಪ್ರೋಗ್ರಾಂ ಬರೆಯೋದು ಅಂದ್ಕೋತಾರೆ. ಅದಲ್ಲ. ಅಮೆರಿಕದಲ್ಲಿ ಯಾರೋ ಆಸ್ಪತ್ರೆಗೆ ಹೋಗಿರ್ತಾರೆ, ಡಾಕ್ಟರು ನೋಡಿ ಟಿಪ್ಪಣಿ ಬರೆದಿರ್ತಾರೆ. ಆ ಚಾರ್ಟ್ ಓದಿ, ಕಾಯಿಲೆಗೆ ಐಸಿಡಿ-10 ಕೋಡ್, ಮಾಡಿದ ಚಿಕಿತ್ಸೆಗೆ ಸಿಪಿಟಿ ಕೋಡ್ ಹಾಕಬೇಕು. ಅದರ ಮೇಲೆ ಇನ್ಶೂರೆನ್ಸ್ ದುಡ್ಡು ಬರುತ್ತೆ. ದಿನಕ್ಕಿಷ್ಟು ಚಾರ್ಟ್ ಅಂತ ಟಾರ್ಗೆಟ್, ಜೊತೆಗೆ 95 ಪರ್ಸೆಂಟ್ ಕ್ವಾಲಿಟಿ. ಕಣ್ಣು ಒಂದು ಕ್ಷಣ ಜಾರಿದ್ರೆ ಎಡ ಬಲ ಆಗುತ್ತೆ.

ಅಕ್ಷರಶಃ ಹಾಗೇ ಆಗಿದೆ. ಮುಂಗೈ ಹತ್ರ ಮೂಳೆ ಮುರಿದ ಒಂದು ಎಮರ್ಜೆನ್ಸಿ ಚಾರ್ಟ್. ಬಲಗೈಗೆ ಎಸ್52.501ಎ, ಎಡಗೈಗೆ ಎಸ್52.502ಎ. ಮುರಿದಿದ್ದು ಎಡಗೈ, ನಾನು ಹಾಕಿದ್ದು ಬಲಗೈ ಕೋಡು. ಆಡಿಟ್‌ನಲ್ಲಿ ಸಿಕ್ತು. ಆ ಚಾರ್ಟ್ ನಾನು ತೆರೆದಿದ್ದೇ ನೆನಪಿರಲಿಲ್ಲ. ಸಿಸ್ಟಂನಲ್ಲಿ ನನ್ನ ಲಾಗಿನ್, ನನ್ನ ಟೈಮು, ಕೀ ಒತ್ತಿದ್ದು ನನ್ನದೇ ಬೆರಳು. ನಿದ್ದೆ ಬಂದಿರುತ್ತೆ, ಕೈ ಮಾಡ್ತಿದ್ದ ಕೆಲಸ ಮಾಡ್ತಾನೇ ಇರುತ್ತೆ. ಈ ಕಾಯಿಲೆಯಲ್ಲಿ ಇದೂ ಒಂದು ಲಕ್ಷಣ ಅಂತ ಆಮೇಲೆ ಗೊತ್ತಾಯ್ತು. ಆಗ ಗೊತ್ತಿರಲಿಲ್ಲ. ಆಗಿದ್ದ ಕಂಪನಿಯ ಟೀಮ್ ಲೀಡರ್ ಎಲ್ಲರ ಮುಂದೆ, "ರಾತ್ರಿಯೆಲ್ಲ ಮೊಬೈಲ್ ನೋಡ್ತೀರ, ಇಲ್ಲಿ ಬಂದು ತೂಕಡಿಸ್ತೀರ" ಅಂದ್ರು. ನಾನು ಹಿಂದಿನ ರಾತ್ರಿ ಒಂಬತ್ತಕ್ಕೇ ಮಲಗಿದ್ದೆ.

ಶುರುವಾಗಿದ್ದು ಸೆಕೆಂಡ್ ಪಿಯುಸಿಯಲ್ಲಿ, ಹದಿನೇಳನೇ ವಯಸ್ಸಿಗೆ. ಪಾಠ ನಡೀತಿದ್ರೆ ಬರವಣಿಗೆ ಗೆರೆ ಜಾರಿ ಪುಟದಿಂದ ಆಚೆ ಹೋಗಿರೋದು. ಹಾಸ್ಟೆಲ್‌ನಲ್ಲಿ ಒಂದಿನ ಗೆಳತಿ ಏನೋ ತಮಾಷೆ ಮಾಡಿದ್ಲು, ನಕ್ಕೆ, ಮಂಡಿ ಮಡಚಿ ತಟ್ಟೆ ಸಮೇತ ಕೆಳಗೆ ಬಿದ್ದೆ. ಪ್ರಜ್ಞೆ ಪೂರ್ತಿ ಇತ್ತು, ಎಲ್ಲರ ಮಾತೂ ಕೇಳಿಸ್ತಿತ್ತು, ಬಾಯಿ ತೆರೆಯೋಕೆ ಆಗ್ತಿರಲಿಲ್ಲ. ಒಂದು ನಿಮಿಷಕ್ಕೆ ಸರಿಹೋಯ್ತು. ರಕ್ತ ಕಮ್ಮಿ ಅಂದ್ರು, ಟಾನಿಕ್ ಕುಡಿಸಿದ್ರು. ಥೈರಾಯ್ಡ್ ನೋಡಿದ್ರು, ಏನೂ ಇಲ್ಲ. ಬೆಳಗಿನ ಜಾವ ಎಚ್ಚರವಾಗಿ ಕೈಕಾಲು ಆಡದೆ, ಎದೆ ಮೇಲೆ ಯಾರೋ ಕೂತ ಹಾಗೆ ಆಗ್ತಿದ್ದಾಗ ಅಜ್ಜಿ ದಿಂಬಿನ ಕೆಳಗೆ ಕುಡುಗೋಲು ಇಟ್ರು, ತಾಯತ ಕಟ್ಟಿಸಿದ್ರು. ಅಜ್ಜಿ ಮೇಲೆ ನನಗೆ ಚೂರೂ ಬೇಜಾರಿಲ್ಲ. ನನಗೇನೋ ಆಗ್ತಿದೆ ಅಂತ ನಂಬಿದ್ದು ಅವರೊಬ್ಬರೇ.

ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ಹೊರರೋಗಿ ಚಾರ್ಟ್‌ನಲ್ಲಿ ಡಾಕ್ಟರು "ಇರಬಹುದು", "ಅನುಮಾನ" ಅಂತ ಬರೆದಿದ್ರೆ ಆ ಕಾಯಿಲೆಯ ಕೋಡ್ ಹಾಕೋ ಹಾಗಿಲ್ಲ. ಖಚಿತವಾಗಿ ಕಂಡಿರೋ ಲಕ್ಷಣಕ್ಕೆ ಮಾತ್ರ ಕೋಡ್. ಸುಸ್ತು ಅಂದ್ರೆ ಆರ್53.83, ಮಂಪರು ಅಂದ್ರೆ ಆರ್40.0, ಅಲ್ಲಿಗೆ ನಿಲ್ಲಿಸಬೇಕು. ಟ್ರೈನಿಂಗ್‌ನಲ್ಲಿ ಇದನ್ನ ಕೇಳಿದಾಗ ನನಗೆ ಯಾಕೋ ಗಂಟಲು ಕಟ್ಟಿತ್ತು. ಹನ್ನೊಂದು ವರ್ಷ ನನ್ನನ್ನ ನೋಡಿದವರೆಲ್ಲ ಬರೀ ಅನುಮಾನದ ಮೇಲೆ ಹೆಸರಿಟ್ಟಿದ್ರು. ಸೋಮಾರಿ. ಕುಂಭಕರ್ಣ. ಓದೋಕೆ ಮನಸ್ಸಿಲ್ಲ. ಮದುವೆ ಮಾಡಿದ್ರೆ ಸರಿಹೋಗ್ತಾಳೆ. ಏನು ಕಾಣ್ತಿದೆಯೋ ಅಷ್ಟನ್ನೇ ಯಾರಾದ್ರೂ ಬರೆದುಕೊಂಡಿದ್ರೆ ಸಾಕಿತ್ತು: ರಾತ್ರಿ ಎಂಟು ಗಂಟೆ ಮಲಗ್ತಾಳೆ, ಹಗಲೂ ನಿದ್ದೆ ತಡೆಯೋಕಾಗಲ್ಲ, ನಕ್ಕಾಗ ಮಂಡಿ ಮಡಚುತ್ತೆ.

ಹೆಸರು ಸಿಕ್ಕಿದ್ದು ಕೆಲಸದಿಂದಲೇ. ಒಂದು ಸ್ಲೀಪ್ ಕ್ಲಿನಿಕ್ ಚಾರ್ಟ್ ಬಂತು. ಅದರಲ್ಲಿ ಏನಿತ್ತು ಅಂತ ಹೇಳಲ್ಲ, ಅದು ಆ ರೋಗಿಯ ಗುಟ್ಟು, ಕಾಪಾಡೋದು ನನ್ನ ಕೆಲಸ. ಕೋಡ್ ಮಾತ್ರ ಹೇಳಬಹುದು: ಜಿ47.411, ಕ್ಯಾಟಪ್ಲೆಕ್ಸಿ ಇರೋ ನಾರ್ಕೊಲೆಪ್ಸಿ. ಕ್ಯಾಟಪ್ಲೆಕ್ಸಿ ಇಲ್ಲದಿದ್ರೆ ಜಿ47.419. ಎರಡರಲ್ಲಿ ಯಾವುದು ಅಂತ ತೀರ್ಮಾನಿಸೋಕೆ ಕ್ಯಾಟಪ್ಲೆಕ್ಸಿ ಅಂದ್ರೇನು ಅಂತ ಓದಿದೆ. ನಗು, ಸಿಟ್ಟು, ಅಚ್ಚರಿ ಬಂದಾಗ ಸ್ನಾಯುಗಳು ಇದ್ದಕ್ಕಿದ್ದ ಹಾಗೆ ಶಕ್ತಿ ಕಳ್ಕೊಳ್ಳೋದು, ಪ್ರಜ್ಞೆ ಹೋಗದೆ. ಓದಿ ವಾಶ್‌ರೂಮಿಗೆ ಹೋಗಿ ಅತ್ತೆ. ವಾಪಸ್ ಬಂದು ಆ ಚಾರ್ಟ್ ಮುಗಿಸಿದೆ.

ಡಾಕ್ಟರು ಮೊದಲು ಎಪ್‌ವರ್ತ್ ಪ್ರಶ್ನಾವಳಿ ಕೊಟ್ರು, ಹಗಲು ಎಷ್ಟು ತೂಕಡಿಕೆ ಬರುತ್ತೆ ಅಂತ ಅಳೆಯೋದು. ಎಂಟು ಸನ್ನಿವೇಶ: ಓದುವಾಗ, ಟೀವಿ ನೋಡುವಾಗ, ಟ್ರಾಫಿಕ್‌ನಲ್ಲಿ ನಿಂತ ಗಾಡಿಯಲ್ಲಿ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 24. ಹತ್ತು ದಾಟಿದ್ರೆ ವಿಚಾರಿಸಬೇಕು ಅಂತ. ನನ್ನದು 19. ಎರಡು ವಾರ ನಿದ್ದೆ ಡೈರಿ ಬರೆದೆ. ಆಮೇಲೆ ಒಂದು ರಾತ್ರಿ, ಒಂದು ಹಗಲು ಸ್ಲೀಪ್ ಲ್ಯಾಬ್‌ನಲ್ಲಿ. ರಾತ್ರಿ ಪರೀಕ್ಷೆಯ ಸಿಪಿಟಿ ಕೋಡ್ 95810, ಹಗಲಿನದು 95805. ನೂರಾರು ಸಲ ಟೈಪ್ ಮಾಡಿದ ನಂಬರುಗಳು, ಈಗ ವೈರುಗಳಾಗಿ ನನ್ನ ತಲೆಗೇ ಅಂಟಿದ್ವು. ಹಗಲು ಎರಡೆರಡು ಗಂಟೆಗೆ ಒಂದರಂತೆ ಐದು ಸಲ ಮಲಗಿಸ್ತಾರೆ. ನಿದ್ದೆಗೆ ಜಾರೋಕೆ ಸರಾಸರಿ ಎಂಟು ನಿಮಿಷ ಅಥವಾ ಅದಕ್ಕಿಂತ ಕಮ್ಮಿ ತಗೊಂಡು, ಎರಡು ಸಲವಾದ್ರೂ ನಿದ್ದೆ ಹತ್ತಿದ ಕೂಡಲೇ ಕನಸಿನ ನಿದ್ದೆ, ಅಂದ್ರೆ ಆರ್‌ಇಎಂ, ಬಂದ್ರೆ ನಾರ್ಕೊಲೆಪ್ಸಿ ಕಡೆ ಕೈ ತೋರಿಸುತ್ತೆ. ಸಾಮಾನ್ಯವಾಗಿ ಅದು ಬರೋಕೆ ಒಂದೂವರೆ ಗಂಟೆ ಬೇಕು. ನನಗೆ ಸರಾಸರಿ ಮೂರು ನಿಮಿಷ. ಐದರಲ್ಲಿ ನಾಲ್ಕು ಸಲ ಕನಸು.

ಡಾಕ್ಟರು ವಿವರಿಸಿದ್ದನ್ನ ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಎಚ್ಚರಕ್ಕೂ ನಿದ್ದೆಗೂ ನಡುವೆ ಒಂದು ಬಾಗಿಲಿದೆ ಅಂದ್ಕೊಳ್ಳಿ. ಆ ಬಾಗಿಲಿನ ಚಿಲಕ ಒರೆಕ್ಸಿನ್ ಅನ್ನೋ ಮೆದುಳಿನ ರಾಸಾಯನಿಕ. ಮೆದುಳಿನ ಹೈಪೊಥಲಾಮಸ್‌ನಲ್ಲಿ ಹತ್ತಾರು ಸಾವಿರ ನರಕೋಶಗಳು ಅದನ್ನ ತಯಾರಿಸ್ತವೆ. 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಅದನ್ನ ಕಂಡುಹಿಡಿದ್ವು. 2000ದಲ್ಲಿ ನನ್ನಂಥವರ ಮೆದುಳಿನಲ್ಲಿ ಆ ಕೋಶಗಳು ಬಹುತೇಕ ಇಲ್ಲವಾಗಿರೋದು ಗೊತ್ತಾಯ್ತು. ದೇಹದ ರಕ್ಷಣಾ ವ್ಯವಸ್ಥೆಯೇ ಅವನ್ನ ಕೊಂದಿರಬೇಕು ಅನ್ನೋದು ಸಂಶೋಧಕರ ಅಂದಾಜು. ಚಿಲಕ ಹೋದ ಬಾಗಿಲು ಗಾಳಿಗೇ ತೆರ್ಕೊಳ್ಳುತ್ತೆ. ಕನಸಿನ ಹೊತ್ತಲ್ಲಿ ಮೈ ಸಡಿಲ ಆಗುತ್ತಲ್ಲ, ಆ ಸಡಿಲ ಎಚ್ಚರದೊಳಕ್ಕೆ ನುಗ್ಗಿದ್ರೆ ಕ್ಯಾಟಪ್ಲೆಕ್ಸಿ. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಚಿಲಕ ಮತ್ತೆ ಹುಟ್ಟಲ್ಲ.

ಈಗ ಮಧ್ಯಾಹ್ನ ಒಂದು ಗಂಟೆ. ಇದು ಈಗಿನ ಆಫೀಸಿನ ಸಿಕ್ ರೂಮ್. ಇಪ್ಪತ್ತು ನಿಮಿಷ ಮಲಗ್ತೀನಿ, ನಾಲ್ಕಕ್ಕೆ ಇನ್ನೊಂದು ಸಲ. ಇಂಟರ್‌ವ್ಯೂನಲ್ಲೇ ವರದಿ ಮೇಜಿನ ಮೇಲಿಟ್ಟು ಕೇಳಿದ್ದೆ: ಬರೀ ಡೇ ಶಿಫ್ಟು, ಎರಡು ನಿದ್ದೆ, ಟಾರ್ಗೆಟ್ ಎಲ್ಲರಿಗೆ ಇರೋದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ದೀರ್ಘಕಾಲದ ನರರೋಗ ಅಂತ ಒಂದಿದೆ, ನಾರ್ಕೊಲೆಪ್ಸಿ ಅನ್ನೋ ಹೆಸರಿಲ್ಲ. ಹೆಸರು ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ಸುತ್ತೆ. ಹೆಸರಿಲ್ಲದಿದ್ರೆ ಪ್ರತಿ ಸಲ ನಾವೇ ಎದುರಿಗೆ ಕೂತು ವಿವರಿಸಬೇಕು, ಕೇಳೋರ ಮನಸ್ಸು ಒಳ್ಳೇದಿರಬೇಕು. ನನಗೆ ಅಂಥವರು ಸಿಕ್ಕಿದ್ರು. ಕಳೆದ ತಿಂಗಳು ಕ್ವಾಲಿಟಿ 98 ಬಂತು.

ಹೆಣ್ಣುಮಕ್ಕಳಿಗೆ ಒಂದು ಮಾತು, ನನಗೆ ತಡವಾಗಿ ಗೊತ್ತಾಗಿದ್ದು: ಮೊಡಾಫಿನಿಲ್ ತಗೊಳ್ತಿದ್ರೆ ಗರ್ಭನಿರೋಧಕ ಮಾತ್ರೆಯ ಬಲ ಕಮ್ಮಿ ಆಗುತ್ತೆ. ಡಾಕ್ಟರ ಹತ್ರ ಬಾಯಿ ಬಿಟ್ಟು ಕೇಳಿ.

ಕೊನೆ ತುಣುಕು ಊರಿನದು, ಹೋದ ವಾರ ತೆಗೆದಿದ್ದು. ವರದಿ ಬಂದ ಹೊಸದರಲ್ಲಿ ಮನೆಯವರು ನನ್ನ ಮುಂದೆ ನಗೋದನ್ನೇ ಬಿಟ್ಟಿದ್ರು. ನಾನು ಬಂದ ಕೂಡಲೇ ತಮ್ಮ ಮಾತು ಅರ್ಧಕ್ಕೆ ನಿಲ್ಲಿಸೋನು. ಬೀಳೋದಕ್ಕಿಂತ ಅದು ಜಾಸ್ತಿ ನೋವು ಕೊಡ್ತು. ಒಂದು ಸಂಜೆ ಎಲ್ಲರನ್ನೂ ಕೂರಿಸಿ ಹೇಳಿದೆ, ನನಗೆ ನಿಮ್ಮ ನಗು ಬೇಕು, ನಿಲ್ಲಿಸಬೇಡಿ ಅಂತ. ಇದು ನಮ್ಮ ಮನೆ ಜಗಲಿ. ಕಂಬಕ್ಕೆ ಒರಗಿರೋಳು ನಾನು. ಕತ್ತಿನ ಹಿಂದೆ ಇರೋ ಕೈ ಅಮ್ಮಂದು, ತಲೆ ವಾಲಿದ್ರೆ ಹಿಡಿಯೋಕೆ. ತಮ್ಮ ಮದುವೆಮನೆ ಕಥೆ ಏನೋ ಹೇಳೋಕೆ ಬಂದಿದಾನೆ. "ಹೇಳ್ಲಾ ಅಕ್ಕಾ?" ಅಂತ ಕೇಳ್ತಿದಾನೆ ನೋಡಿ.

"ಹೇಳೋ, ಕೂತಿದೀನಿ."